ಬೆಂಕಿಗೆರೆಯ ಬಿಳಿ ಕಲ್ಲುಗಳು

"ಹಗ್ಗ ಇನ್ನೊಂದು ಸುತ್ತು ಬರಲಿ. ಸಡಿಲ ಬಿಟ್ರೆ ಭಾವ ಬೈತಾರೆ," ಎನ್ನುತ್ತ ಅಂಜಿನಯ್ಯ ಚಟ್ಟದ ಬಿದಿರಿಗೆ ಮೊಣಕಾಲು ಒತ್ತಿ ಗಂಟು ಬಿಗಿಯುತ್ತಿದ್ದಾಗ ಅಂಗಳದ ಮುಂದೆ ಜೀಪು ಬಂದು ನಿಂತಿತು.

ಇಳಿದವನು ವಿದ್ಯುತ್ ಮಂಡಳಿಯ ಕಿರಿಯ ಎಂಜಿನಿಯರ್ ಪಂಚಾಕ್ಷರಿ. ಕಂಕುಳಲ್ಲಿ ನಕ್ಷೆಯ ಸುರುಳಿ, ಕೈಯಲ್ಲಿ ಚರ್ಮದ ಡಬ್ಬಿಯ ಅಳತೆ ಟೇಪು. ಕಣ್ಣು ಕೈಗಡಿಯಾರದ ಮೇಲೆಯೇ ಇದ್ದುದರಿಂದ ಅಂಗಳದಲ್ಲಿ ಏನು ನಡೆಯುತ್ತಿದೆಯೆಂಬುದು ಅವನಿಗೆ ತಕ್ಷಣ ತಿಳಿಯಲಿಲ್ಲ.

"ಫೈರ್ ವಾಚರ್ ದೊಡ್ಡಹನುಮಯ್ಯನವರು ಯಾರು? ಏಳೂವರೆಗೆ ಬನ್ನಿ ಅಂದಿದ್ರು. ನಾನು ಐದು ನಿಮಿಷ ಮುಂಚೇನೇ ಬಂದಿದೀನಿ."

"ಅವರು ನಿನ್ನೇನೇ ಹೊರಟುಬಿಟ್ರು ಸಾರ್," ಎಂದು ಅಂಜಿನಯ್ಯ ಜಗಲಿಯತ್ತ ಗದ್ದ ಎತ್ತಿ ತೋರಿಸಿದ. ಅಲ್ಲಿ ಖಾಕಿ ಅಂಗಿ ತೊಡಿಸಿ, ಹಣೆಗೆ ವಿಭೂತಿ ಹಚ್ಚಿ, ಅವನ ಭಾವ ದೊಡ್ಡಹನುಮಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಪಂಚಾಕ್ಷರಿ ಸರಕ್ಕನೆ ಚಪ್ಪಲಿ ಬಿಟ್ಟು ಕೈಮುಗಿದ. ಕಂಕುಳಿನ ನಕ್ಷೆ ಜಾರಿ ಮಂಡಕ್ಕಿಯ ಮೊರದ ಮೇಲೆ ಬಿದ್ದಿತು.

ಅದನ್ನು ಎತ್ತಿ ಒರೆಸಿ ಕೊಟ್ಟವಳು ಮಗಳು ವೆಂಕಟಲಕ್ಷ್ಮಿ. "ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದೋರು ಏಳಲಿಲ್ಲ. ಬೆಳಿಗ್ಗೆ ಕೂಡ ನಿಮ್ಮ ಮಾತೇ ಆಡ್ತಿದ್ರು. ಒಳ್ಳೇ ಟೇಪ್ ತರ್ತಾರೋ ಇಲ್ಲ ದಾರ ಹಿಡ್ಕೊಂಡು ಬರ್ತಾರೋ ಅಂತ."

"ನಾನು ಇನ್ನೊಂದು ದಿನ..."

"ಇನ್ನೊಂದು ದಿನ ಎಲ್ಲಿದೆ ಸಾರ್? ವರದಿ ಇವತ್ತು ಸಂಜೆ ಕೊಡಬೇಕು ಅಂದಿದ್ರಿ. ನಾಳೆ ಕಡಿಯೋ ಮರಗಳಿಗೆ ನಂಬರ್ ಹಾಕ್ತಾರೆ. ಸ್ಮಶಾನ ಇರೋದು ಬೆಂಕಿಗೆರೆಯ ಕೊನೇಲಿ. ನಾವು ಹೇಗೂ ಆ ದಾರೀಲೇ ಹೋಗೋದು. ಅಳೀತಾ ಬನ್ನಿ."

ಒಳಗಿನಿಂದ ತಾಯಿ ಮುನಿಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಹೊರಬಂದಳು. "ಅವರಿಗೆ ಮೊದಲು ಕಾಫಿ ಕೊಡೇ. ಸರ್ಕಾರದೋರು ಹೇಳಿದ ಟೈಮಿಗೆ ಬಂದಿದ್ದು ಈ ಮನೇಲಿ ಇದೇ ಮೊದಲು. ನೋಡೋಕೆ ಆ ಮನುಷ್ಯ ಇರಲಿಲ್ಲ."

ವಿಷಯ ಸರಳವಾಗಿತ್ತು. ರಾಜಾಜಿನಗರದ ಕಾರ್ಖಾನೆಗಳಿಗೂ ವಿಜಯನಗರದ ಹೊಸ ಬಡಾವಣೆಗಳಿಗೂ ವಿದ್ಯುತ್ ಸಾಲದೆ, ಕೆಂಗೇರಿಯಾಚೆಯ ಕರಿಕಲ್ಲು ಗುಡ್ಡದ ಸರ್ಕಾರಿ ಕಾಡಿನ ಮೂಲಕ ಹೊಸ ತಂತಿಮಾರ್ಗ ಬರಬೇಕಾಗಿತ್ತು. ನಕ್ಷೆಯ ನೇರ ದಾರಿಯಲ್ಲಿ ಮುನ್ನೂರ ಹನ್ನೆರಡು ಮರಗಳಿದ್ದವು, ಬಹುಪಾಲು ಜಾಲಾರಿ. ಇನ್ನೊಂದು ದಾರಿಯೆಂದರೆ ದೊಡ್ಡಹನುಮಯ್ಯ ಕಾಯುತ್ತಿದ್ದ ಬೆಂಕಿಗೆರೆ. ಕಾಳ್ಗಿಚ್ಚು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟದಂತೆ ಪ್ರತಿವರ್ಷ ಚಳಿಗಾಲದಲ್ಲಿ ಹುಲ್ಲನ್ನು ಮುಂಚಿತವಾಗಿಯೇ ಸುಟ್ಟು ಬರಿದು ಮಾಡಿದ ಪಟ್ಟಿ ಅದು. ಅಲ್ಲಿ ಒಂದು ಮರವನ್ನೂ ಕಡಿಯಬೇಕಿರಲಿಲ್ಲ. ಆದರೆ ತಂತಿಗೆ ಇಪ್ಪತ್ತೆರಡು ಮೀಟರ್ ಅಗಲ ಬೇಕಿತ್ತು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ಗೆರೆಯ ಅಗಲ ಇಪ್ಪತ್ತು ಅಡಿ ಮಾತ್ರ. "ನಕ್ಷೆ ಬಿಡಿ ಸಾರ್, ಸೋಮವಾರ ಬನ್ನಿ, ಅಳೆದು ತೋರಿಸ್ತೀನಿ," ಎಂದು ದೊಡ್ಡಹನುಮಯ್ಯ ಮಾತು ಕೊಟ್ಟಿದ್ದ.

*

ಗೆರೆ ನಕ್ಷೆಗಿಂತ ಅಗಲವಾಗಿದ್ದುದಕ್ಕೆ ಕಾರಣ ಒಂದು ತಪ್ಪು.

೧೯೫೭ರಲ್ಲಿ ದೊಡ್ಡಹನುಮಯ್ಯ ಕೆಲಸಕ್ಕೆ ಸೇರಿದಾಗ ಗೆರೆಯ ಎರಡೂ ಅಂಚಿಗೆ ಒಂದಡಿ ಚೌಕದ ಕಲ್ಲುಗಳನ್ನಿಟ್ಟು ಸುಣ್ಣ ಬಳಿಯುವಂತೆ ಅವನಿಗೆ ಆದೇಶವಾಗಿತ್ತು. ಆಚೆ ಅಂಚಿನ ಕಲ್ಲಿನಿಂದ ಈಚೆ ಅಂಚಿನ ಕಲ್ಲಿಗೆ ಇಪ್ಪತ್ತಡಿ. ಮೊದಲ ವರ್ಷದ ಬೆಂಕಿಯಲ್ಲಿ ಸುಣ್ಣವೆಲ್ಲ ಕಪ್ಪಾಯಿತು. ಮೂರು ದಿನದ ಕೆಲಸ ಮೂರು ಗಂಟೆಯಲ್ಲಿ ಮಸಿಯಾದುದನ್ನು ಅವನಿಂದ ಸಹಿಸಲಾಗಲಿಲ್ಲ. ಮರುವರ್ಷ ಸುಡುವ ಮುನ್ನ ಪ್ರತಿ ಕಲ್ಲನ್ನೂ ಹೊರಗಡೆಗೆ ಒಂದು ಹೊರಳು ಹೊರಳಿಸಿದ. ಕಲ್ಲು ಬೆಳ್ಳಗೆ ಉಳಿಯಿತು. ಬೆಂಕಿ ಕಲ್ಲಿನ ತನಕ ಹೋಗಿ ನಿಂತಿತು.

ಹೊರಳಿಸಿದ್ದನ್ನು ಹಿಂದಕ್ಕೆ ತರಬೇಕೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಮುಂದಿನ ವರ್ಷ ಅಲ್ಲಿಂದಲೇ ಇನ್ನೊಂದು ಹೊರಳು. ವರ್ಷಕ್ಕೆ ಆಚೆ ಒಂದಡಿ, ಈಚೆ ಒಂದಡಿ. ಅಂಚಿನಲ್ಲಿ ಮರ ಸಿಕ್ಕರೆ ಬುಡದ ಹುಲ್ಲು ಕೆರೆದು ಬಿಡುತ್ತಿದ್ದ. ಆದರೆ ಆ ಒಣ ಪಟ್ಟಿಯಲ್ಲಿ ಹುಲ್ಲು, ಲಂಟಾನ ಬಿಟ್ಟರೆ ಬೇರೇನೂ ಬೆಳೆದಿರಲಿಲ್ಲ.

ಇದನ್ನು ಮೊದಲು ಕಂಡುಹಿಡಿದವರು ಫಾರೆಸ್ಟರ್ ಚನ್ನವೀರಪ್ಪ, ೧೯೭೯ರ ಜನವರಿಯಲ್ಲಿ.

"ಅರವತ್ತನಾಲ್ಕು ಅಡಿ! ಏನಯ್ಯ ಇದು? ಕಾಡು ಕಾಯೋ ಅಂದ್ರೆ ಕಾಡನ್ನೇ ಮೇಯ್ದಿದೀಯ!"

"ಮೇಯ್ದಿಲ್ಲ ಸ್ವಾಮಿ. ಸುಣ್ಣ ಕಪ್ಪಾಗಬಾರದು ಅಂತ..."

ಚನ್ನವೀರಪ್ಪ ಅಲ್ಲೇ ಜೀಪಿನ ಬಾನೆಟ್ ಮೇಲಿಟ್ಟು ಮೆಮೊ ಬರೆದರು. ದೊಡ್ಡಹನುಮಯ್ಯ ಸಹಿ ಹಾಕಿ, ಅದನ್ನು ನಾಲ್ಕಾಗಿ ಮಡಿಸಿ ಖಾಕಿ ಅಂಗಿಯ ಜೇಬಿನೊಳಗೆ ಇಟ್ಟುಕೊಂಡ. ಎರಡು ತಿಂಗಳಿಗೆ ಮೈಸೂರು ರಸ್ತೆಯ ಕಡೆಯಿಂದ ಎದ್ದ ಕಿಚ್ಚು ಅರ್ಧ ಗುಡ್ಡ ಏರಿ ಬಂದು, ಅರವತ್ತನಾಲ್ಕು ಅಡಿಯ ಬರಿನೆಲದ ಮುಂದೆ ನಾಲಿಗೆ ಚಾಚಿ ಚಾಚಿ ಸತ್ತಿತು. ಜಾಲಾರಿಯ ಒಂದು ಎಲೆಯೂ ಬಾಡಲಿಲ್ಲ. ಆಮೇಲೆ ಚನ್ನವೀರಪ್ಪ ಗುಡ್ಡಕ್ಕೆ ಬಂದಾಗಲೆಲ್ಲ ಟೇಪು ಮರೆತು ಬರುತ್ತಿದ್ದರು.

*

ಅದೇ ಚನ್ನವೀರಪ್ಪ ಈಗ ಚೆಂಡುಹೂವಿನ ಹಾರದೊಂದಿಗೆ ಬಂದು ಮೆರವಣಿಗೆ ಸೇರಿಕೊಂಡರು. ಮುಂದೆ ತಮಟೆ, ಅದರ ಹಿಂದೆ ಬೆಂಕಿಯ ಮಡಕೆ ಹಿಡಿದ ಅಂಜಿನಯ್ಯ. ಹೂಳುವವರಾದರೂ ಹೆಣದ ಮುಂದೆ ಬೆಂಕಿ ಒಯ್ಯುವುದು ಅವರ ವಾಡಿಕೆ. ಗಂಡುಮಕ್ಕಳಿಲ್ಲದ ಭಾವನಿಗೆ ಆ ಕೆಲಸ ಅವನ ಪಾಲಿಗೆ ಬಂದಿತ್ತು. ಆಮೇಲೆ ಚಟ್ಟ, ಕೊನೆಯಲ್ಲಿ ಟೇಪು.

ಗೆರೆಯ ಆರಂಭದಲ್ಲಿ ಪಂಚಾಕ್ಷರಿ ಸಂಕೋಚದಿಂದ ಕೆಮ್ಮಿದ. ತಮಟೆ ನಿಂತಿತು. ವೆಂಕಟಲಕ್ಷ್ಮಿ ಟೇಪಿನ ತುದಿ ಹಿಡಿದು ಕರಕಲು ನೆಲದ ಆಚೆಯ ಬಿಳಿ ಕಲ್ಲಿಗೆ ಓಡಿದಳು.

"ಇಪ್ಪತ್ತೆರಡು ಮೀಟರ್ ಐವತ್ತೈದು!" ಪಂಚಾಕ್ಷರಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. "ನಕ್ಷೆಯಲ್ಲಿ ಇಪ್ಪತ್ತಡಿ ಇದೆಯಲ್ಲ ಸಾರ್?"

"ನಕ್ಷೆ ಹಳೇದು," ಎಂದು ಚನ್ನವೀರಪ್ಪ ಆಕಾಶ ನೋಡಿದರು.

"ನಮ್ಮ ಭಾವನಿಗೆ ಮೆಮೊ ಕೊಟ್ಟೋರು ನೀವೇ ಅಲ್ವಾ ಸ್ವಾಮಿ?" ಎಂದು ಅಂಜಿನಯ್ಯ ಮುಂದಿನಿಂದಲೇ ಕೂಗಿದ. "ಜೇಬಲ್ಲಿ ಹಾಗೇ ಇದೆ. ಮೇಲೆ ಹೋಗಿ ತೋರಿಸ್ತಾರಂತೆ."

ಹೆಣ ಹೊತ್ತವರೂ ನಕ್ಕರು. ಚಟ್ಟ ಅಲುಗಿತು. "ಮೆಲ್ಲಗೆ ಕಣ್ರೋ, ಬೀಳಿಸಿಬಿಟ್ಟೀರ," ಎಂದಳು ಮುನಿಲಕ್ಷ್ಮಮ್ಮ, ತಾನೂ ಸೆರಗಿನೊಳಗೆ ನಗುತ್ತ.

ಮಧ್ಯದಲ್ಲಿ ಮತ್ತೊಮ್ಮೆ ಅಳೆದರು. ಅಲ್ಲಿಯೂ ಇಪ್ಪತ್ತೆರಡು ಐವತ್ತೈದು. ಹೊತ್ತವರೇ ಈಗ "ಇನ್ನೊಂದು ಸಲ ಅಳೀರಿ, ಭುಜ ಬದಲಾಯಿಸ್ಕೋತೀವಿ," ಎನ್ನತೊಡಗಿದ್ದರು. ಸ್ಮಶಾನಕ್ಕೆ ಅರವತ್ತು ಹೆಜ್ಜೆ ಇರುವಾಗ, ಚಟ್ಟವನ್ನು ಇಳಿಸಿ ದಿಕ್ಕು ತಿರುಗಿಸುವ ಚಪ್ಪಡಿಯ ಬಳಿ, ಕರಕಲು ನೆಲ ಮುಗಿದು ಮೊಣಕಾಲೆತ್ತರದ ಒಣ ಹುಲ್ಲು ಶುರುವಾಯಿತು. ಚಟ್ಟ ಇಳಿಸಿದರು. ಟೇಪು ಮೂರನೆಯ ಬಾರಿ ಬಿಚ್ಚಿಕೊಂಡಿತು.

ಪಂಚಾಕ್ಷರಿ ಅಂಕೆ ಓದಿ ಟೇಪಿನ ಮೇಲೆ ಬಾಗಿದ. ಎರಡನೆಯ ಬಾರಿ ಬಿಗಿಯಾಗಿ ಎಳೆದು ನೋಡಿದ.

"ಇಪ್ಪತ್ತೊಂದು ತೊಂಬತ್ತೈದು. ಐದು ಸೆಂಟಿಮೀಟರ್ ಕಡಿಮೆ."

"ಅಂದ್ರೆ ಎಷ್ಟು?" ಎಂದ ಅಂಜಿನಯ್ಯ. ಪಂಚಾಕ್ಷರಿ ಮೂರು ಬೆರಳು ಜೋಡಿಸಿ ತೋರಿಸಿದ.

"ಮೂರು ಬೆರಳಿಗೆ ಮುನ್ನೂರು ಮರ ಕಡೀತೀರಾ ಸಾರ್?"

"ಕಡಿಯೋ ಆಸೆ ನನಗಿಲ್ಲ. ಆದ್ರೆ ಗಾಳಿಗೆ ತಂತಿ ತೂಗುತ್ತೆ. ಅಂಚಿನ ಕೊಂಬೆ ತಾಗಿ ಒಂದು ಕಿಡಿ ಈ ಹುಲ್ಲಿಗೆ ಬಿದ್ರೆ, ನಿಮ್ಮ ಭಾವ ಇಪ್ಪತ್ತಾರು ವರ್ಷ ಕಾಯ್ದ ಗುಡ್ಡ ಒಂದೇ ಮಧ್ಯಾಹ್ನ ಹೋಗುತ್ತೆ. ಇಲ್ಲದ ಐದು ಸೆಂಟಿಮೀಟರ್ ನಾನು ಬರೆಯೋದಿಲ್ಲ."

ಉತ್ತರ ಸರಿಯಾಗಿತ್ತು. ವೆಂಕಟಲಕ್ಷ್ಮಿ ಬಾಗಿ ಹುಲ್ಲನ್ನು ಮುಟ್ಟಿ ನೋಡಿದಳು. ಬುಡದಲ್ಲಿ ಇಬ್ಬನಿಯ ತೇವ ಇನ್ನೂ ಇತ್ತು.

"ಇಲ್ಲಿ ಈ ವರ್ಷದ್ದು ಸುಟ್ಟಿಲ್ಲ ಸಾರ್. ಉಳಿದಿದ್ದೆಲ್ಲಾ ಮುಗಿಸಿ, ಈ ಅರವತ್ತು ಹೆಜ್ಜೆ ಬಾಕಿ ಇರೋವಾಗ ಅಪ್ಪನಿಗೆ ಜ್ವರ ಬಂತು. ಕಲ್ಲು ಹೋದ ವರ್ಷದ ಜಾಗದಲ್ಲೇ ಇದಾವೆ." ಅವಳು ಒಂದು ಹಿಡಿ ಧೂಳನ್ನು ಗಾಳಿಗೆ ತೂರಿದಳು. ಅದು ನೆಟ್ಟಗೆ ಕೆಳಗೆ ಬಿತ್ತು. "ಗಾಳಿ ಏಳೋದು ಹತ್ತಕ್ಕೆ. ಈಗ ಎಷ್ಟು?"

"ಎಂಟು ಐವತ್ತು," ಎಂದ ಪಂಚಾಕ್ಷರಿ.

ಎಲ್ಲರೂ ಚನ್ನವೀರಪ್ಪನವರನ್ನು ನೋಡಿದರು. ಅವರು ಚಟ್ಟವನ್ನು ನೋಡಿದರು. ಆಮೇಲೆ ಜೇಬಿನ ಪುಸ್ತಕ ತೆಗೆದರು.

"ಅಗಲ ಮಾಡಿ ಅಂತ ನಾನು ಹೇಳಲ್ಲ. ವಾರ್ಷಿಕ ಸುಡುವಿಕೆ ಬಾಕಿ ಇದೆ, ಇವತ್ತು ಮುಗಿಸಿ ಅಂತ ಬರೀತೀನಿ. ಕಲ್ಲು ಎಲ್ಲಿಗೆ ಹೊರಳಿದ್ವು ಅಂತ ನಾನು ನೋಡಿಲ್ಲ." ಅವರು ನಿಜವಾಗಿಯೂ ಬೆನ್ನು ತಿರುಗಿಸಿ ನಿಂತರು. ಅರೆಕ್ಷಣ ಬಿಟ್ಟು, ಬೆನ್ನು ತಿರುಗಿಸಿಕೊಂಡೇ, "ಹಸಿ ಸೊಪ್ಪು ಕಡಿಮೆ ಆಗಬಾರದು!" ಎಂದು ಗದರಿದರು.

ಶವಯಾತ್ರೆಗೆ ಬಂದವರಲ್ಲಿ ಅರ್ಧ ಜನ ದೊಡ್ಡಹನುಮಯ್ಯನ ಜೊತೆ ಬೆಂಕಿ ಬಡಿದವರೇ. ಹೊಂಗೆಯ ಕೊಂಬೆಗಳು ಮುರಿದವು. ಕಲ್ಲುಗಳು ಹೊರಗಡೆಗೆ ಒಂದೊಂದು ಹೊರಳು ಹೊರಳಿದವು. ಹೊಸ ಅಂಚಿನಾಚೆ ಒಂದು ಮಾರು ಹುಲ್ಲು ಕಿತ್ತು, ಮಣ್ಣು ಕೆರೆದು, ಗಂಡಸರು ಸೊಪ್ಪು ಹಿಡಿದು ಸಾಲಾಗಿ ನಿಂತರು.

"ಬೆಂಕಿಪೊಟ್ಟಣ ಯಾರ ಹತ್ರ ಇದೆ?" ಎಂದ ಒಬ್ಬ.

ಅಂಜಿನಯ್ಯ ತನ್ನ ಕೈಯ ಮಡಕೆಯನ್ನು ನೋಡಿಕೊಂಡ. ಆಮೇಲೆ ಅಕ್ಕನ ಮುಖ ನೋಡಿದ.

"ಕೊಡೋ," ಎಂದಳು ಮುನಿಲಕ್ಷ್ಮಮ್ಮ. ಅವಳು ಚಪ್ಪಡಿಯ ಪಕ್ಕ ಕುಳಿತು, ಗಂಡನ ತಲೆಯನ್ನು ಗೆರೆಯ ಕಡೆಗೆ ಕೊಂಚ ತಿರುಗಿಸಿದಳು. "ಅವರ ಬೆಂಕಿ ತಾನೆ. ಅವರ ಕೆಲಸಕ್ಕೇ ಆಗಲಿ."

ವೆಂಕಟಲಕ್ಷ್ಮಿ ಮಡಕೆಯ ಕೆಂಡವನ್ನು ಹುಲ್ಲಿನ ಕಂತೆಗೆ ತಾಗಿಸಿ ಎರಡೂ ಅಂಚಿನಲ್ಲಿ ನಡೆದಳು. ಬೆಂಕಿ ಹೊರಗಿನಿಂದ ಒಳಕ್ಕೆ ಸಣ್ಣ ಸದ್ದು ಮಾಡುತ್ತ ಸರಿಯಿತು. ಹೊರಗೆ ಹಾರಲು ನೋಡಿದ ಕಿಡಿಗಳಿಗೆ ಸೊಪ್ಪಿನ ಏಟು ಬೀಳುತ್ತಿತ್ತು. "ಅಲ್ಲಿ ಮಾವ, ಕಾಲ ಹತ್ರ!" "ನೋಡಿದೀನಿ ಕಣೇ!" ಪಂಚಾಕ್ಷರಿಯೂ ಅಂಗಿಯ ತೋಳು ಮಡಿಸಿ, ಸೊಪ್ಪು ಹಿಡಿದು, ಆರಿಹೋದ ಜಾಗವನ್ನೇ ಬಹಳ ಶ್ರದ್ಧೆಯಿಂದ ಬಡಿಯುತ್ತಿದ್ದ. ತಮಟೆಯವನು ತನಗೆ ತೋಚಿದಂತೆ ಬಾರಿಸತೊಡಗಿದ. ಆ ಗತ್ತು ಸಾವಿನದಾಗಿರಲಿಲ್ಲ. ಎರಡು ಸಾಲು ಬೆಂಕಿ ನಡುವೆ ಕೂಡಿದವು. ಆಳೆತ್ತರ ಒಮ್ಮೆ ಎದ್ದು, ತಿನ್ನಲು ಏನೂ ಸಿಗದೆ ಅಲ್ಲೇ ಕುಳಿತವು.

ಒಂಬತ್ತು ನಲವತ್ತಕ್ಕೆ ಟೇಪು ಬಿಚ್ಚಿದರು.

"ಇಪ್ಪತ್ತೆರಡು ಐವತ್ತೈದು," ಎಂದು ಪಂಚಾಕ್ಷರಿ ಓದಿದ. ಅವನ ಕೆನ್ನೆಯ ಮೇಲೆ ಮಸಿಯ ಮೀಸೆ ಮೂಡಿತ್ತು. ನಕ್ಷೆಯನ್ನು ಜೀಪಿನ ಬಾನೆಟ್ ಇಲ್ಲದ ಕಾರಣ ಚನ್ನವೀರಪ್ಪನವರ ಬೆನ್ನ ಮೇಲೆ ಹರಡಿ, ಜಾಲಾರಿ ತೋಪಿನ ಮೇಲಿದ್ದ ಕೆಂಪು ಗೀಟನ್ನು ರಬ್ಬರಿನಿಂದ ಉಜ್ಜಿ, ಬೆಂಕಿಗೆರೆಯುದ್ದಕ್ಕೂ ಹೊಸದೊಂದು ಎಳೆದ.

"ಒತ್ತಿ ಬರೀರಿ, ಪರವಾಗಿಲ್ಲ," ಎಂದರು ಬಾಗಿ ನಿಂತಿದ್ದ ಚನ್ನವೀರಪ್ಪ.

ಮಡಕೆಯಲ್ಲಿ ಉಳಿದಿದ್ದ ಕೆಂಡವನ್ನು ಮುಂದಿಟ್ಟುಕೊಂಡು, ಮುಖ ಕೈಯೆಲ್ಲ ಮಸಿಯಾದ ಜನ ದೊಡ್ಡಹನುಮಯ್ಯನನ್ನು ಹೊತ್ತು ಅರವತ್ತು ಹೆಜ್ಜೆ ನಡೆದರು. ಸ್ಮಶಾನದ ಬೇಲಿಗೆ ಹೊಂದಿಕೊಂಡೇ ಗುಂಡಿ ತೋಡಿದ್ದರು. ಮಣ್ಣು ಹಾಕುವಾಗ ಯಾರ ಮುಖದಲ್ಲಿ ಬೆವರು ಯಾವುದು, ಕಣ್ಣೀರು ಯಾವುದು ಎಂದು ತಿಳಿಯುವಂತಿರಲಿಲ್ಲ.

ತಲೆಯ ಕಡೆ ಗುರುತಿಗೆ ಏನಿಡುವುದೆಂದು ಅಂಜಿನಯ್ಯ ಸುತ್ತ ನೋಡಿದ. ಚನ್ನವೀರಪ್ಪ ಬೇಲಿಯಾಚೆಯ ಕಲ್ಲುಗಳ ಸಾಲನ್ನು ನೋಡುತ್ತ, "ಕೊನೇ ಕಲ್ಲಿನಾಚೆ ಗೆರೆ ಇಲ್ಲ. ಒಂದು ಕಡಿಮೆ ಬಿದ್ರೆ ನಾನು ಎಣಿಸೋಕೆ ಹೋಗಲ್ಲ," ಎಂದರು.

ವೆಂಕಟಲಕ್ಷ್ಮಿ ಹೋಗಿ ಆ ಕಲ್ಲಿಗೆ ಕೈಯಿಟ್ಟಳು. ಒಂದು ಹೊರಳು, ಇನ್ನೊಂದು ಹೊರಳು, ಇನ್ನೊಂದು. ಬೇಲಿಯ ಸಂದಿನಿಂದ ಅದು ಹಸಿ ಮಣ್ಣಿನ ದಿಬ್ಬದ ತನಕ ಬಂದು ನಿಂತಿತು. ಇಪ್ಪತ್ತಾರು ವರ್ಷ ಒಂದು ಕಲೆಯೂ ಬೀಳದಂತೆ ಕಾಪಾಡಿದ ಸುಣ್ಣದ ಮೇಲೆ ಐದು ಬೆರಳಿನ ಕಪ್ಪು ಗುರುತು ಅಚ್ಚೊತ್ತಿತ್ತು. ಅವಳು ಸೆರಗಿನಿಂದ ಒರೆಸಲು ಬಾಗಿದಳು.

"ಇರಲಿ ಬಿಡೇ," ಎಂದಳು ತಾಯಿ, ಮತ್ತು ಪಕ್ಕದಲ್ಲಿ ತನ್ನ ಐದು ಬೆರಳನ್ನೂ ಒತ್ತಿದಳು.