ಎರಡು ಸಾಲಿನ ನಡುವಿನ ಅಂಗಳ

ಚೆಲುವರಾಜುಗೆ ಬಾಯಿ ಇರಲಿಲ್ಲ. ಮೂಗನೇನಲ್ಲ, ನಾಲ್ಕು ಜನರ ಮುಂದೆ ನಿಂತು ಇದು ಹೀಗೇ ಆಗಬೇಕು ಎಂದು ಹೇಳುವ ಬಾಯಿ ಇರಲಿಲ್ಲ. ಮೈಸೂರಿನಲ್ಲಿ ಬಡವರಿಗೆ ಮನೆ ಕಟ್ಟಿಸುವ ಆಫೀಸೊಂದರಲ್ಲಿ ಅವನು ನಕ್ಷೆ ಬರೆಯುತ್ತಿದ್ದ. ಸೇರಿದಾಗಿನಿಂದ ಬರೆದದ್ದು ಒಂದೇ ನಕ್ಷೆ: ಸಾಲು ಮನೆ, ರಸ್ತೆ, ಮತ್ತೆ ಸಾಲು ಮನೆ, ಮತ್ತೆ ರಸ್ತೆ. ಕಟ್ಟಿದ ಮೇಲೆ ಹೋಗಿ ನೋಡಿದರೆ ಕುದುರೆ ಲಾಯದ ಹಾಗಿರುತ್ತಿತ್ತು. ಒಳಗೆ ಜನ ಇರುತ್ತಿದ್ದರು, ಹೊರಗೆ ಯಾರೂ ಕೂರುತ್ತಿರಲಿಲ್ಲ. ಕೂರಲು ಜಾಗ ಎಲ್ಲಿತ್ತು?

ಅವನು ಬೆಳೆದದ್ದು ಅಗ್ರಹಾರದ ಹತ್ತಿರದ ಒಂದು ವಠಾರದಲ್ಲಿ. ಅಪ್ಪ ವರುಣದ ಕಡೆಯ ಹೊಲ ಬಿಟ್ಟು ಬಂದು ಪೇಟೆಯಲ್ಲಿ ಮೂಟೆ ಹೊರುತ್ತಿದ್ದ. ಹತ್ತು ಮನೆಗೆ ಒಂದು ಅಂಗಳ, ಒಂದು ನಲ್ಲಿ. ನಲ್ಲಿಯ ಹತ್ತಿರ ಜಗಳವಿಲ್ಲದ ದಿನವಿರಲಿಲ್ಲ. ಆದರೆ ಅವನ ತಾಯಿ ಜ್ವರ ಬಂದು ಮಲಗಿದಾಗ, ಇವತ್ತು ಇವಳು ಅಂಗಳಕ್ಕೆ ಬರಲಿಲ್ಲವಲ್ಲ ಎಂದು ಮೊದಲು ಹೊಳೆದದ್ದು ಹಿಂದಿನ ದಿನ ಅವಳ ಜಡೆ ಹಿಡಿದು ಎಳೆದಿದ್ದ ಕೆಂಚಮ್ಮನಿಗೆ. ಗಂಜಿ ತಂದವಳೂ ಅವಳೇ. ಜನ ಒಬ್ಬರಿಗೊಬ್ಬರು ಕಣ್ಣಿಗೆ ಬೀಳುವ ಹಾಗಿದ್ದರೆ ಉಳಿದದ್ದು ತಾನಾಗಿ ಆಗುತ್ತದೆ ಎಂದು ಚೆಲುವರಾಜು ನಂಬಿಕೊಂಡಿದ್ದ. ಅವನು ನಂಬಿದ್ದು ಅದೊಂದನ್ನೇ.

ಐವತ್ತೇಳನೇ ಇಸವಿಯಲ್ಲಿ, ಮೇಟಗಳ್ಳಿಯ ಈಚೆ ಕನ್ನಂಬಾಡಿ ರಸ್ತೆಯ ಪಕ್ಕ, ಗಿರಣಿ ಕೂಲಿಗಳಿಗೆ ಮನೆ ಕಟ್ಟುವ ಕೆಲಸ ಬಂತು. ಚೆಲುವರಾಜು ಈ ಸಲ ಬೇರೆ ನಕ್ಷೆ ಬರೆದ. ಎದುರುಬದುರು ಎರಡು ಸಾಲು ಮನೆ, ಎಲ್ಲ ಬಾಗಿಲೂ ಒಳಮುಖ, ನಡುವೆ ಒಂದೇ ದೊಡ್ಡ ಅಂಗಳ. ಅಂಗಳದಲ್ಲಿ ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಕೂರಲು ಕಟ್ಟೆ, ನೆರಳಿಗೆ ಹೊಂಗೆ ಗಿಡ.

ಎಂಜಿನಿಯರ್ ಶಿವಮಲ್ಲಪ್ಪ ನಕ್ಷೆಯನ್ನು ಕನ್ನಡಕದ ಮೇಲಿಂದ ನೋಡಿದರು. "ಏನಯ್ಯಾ ಇದು, ಮನೆ ಮಧ್ಯೆ ಕವಾಯತು ಮೈದಾನ?"

"ಅಂಗಳ ಸಾರ್."

"ಯಾರ ಅಂಗಳ?"

"ಎಲ್ಲರದೂ ಸಾರ್."

"ಎಲ್ಲರದೂ ಅಂದ್ರೆ ಯಾರದೂ ಅಲ್ಲ ಕಣಯ್ಯಾ." ಅವರು ಕೆಟ್ಟವರಲ್ಲ. ಮನೆ ಬೇಕೆಂದು ಬರುವವರಿಗೆ ಇಲ್ಲ ಎಂದು ಹೇಳಿ ಹೇಳಿ ಸೋತಿದ್ದರು. "ರಸ್ತೆ ಖರ್ಚು ಉಳಿಯುತ್ತೆ, ಅದಕ್ಕೆ ಒಪ್ಪಿದೀನಿ. ಒಂದು ವರ್ಷ ನೋಡ್ತೀನಿ. ಜನ ಅಲ್ಲಿ ಕೂತ್ರೆ ಮುಂದಿನ ಎರಡು ಕಾಲೋನಿಗೂ ಇದೇ ನಕ್ಷೆ. ಕೂರಲಿಲ್ವೋ, ನಿನ್ನ ಅಂಗಳದ ಮೇಲೆ ಮನೆ ಎಬ್ಬಿಸ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಓಡಾಡ್ಬೇಡ."

ಚೆಲುವರಾಜು ತಲೆಯಾಡಿಸಿದ.

ಮನೆಗಳು ಎದ್ದವು. ಚೀಟಿ ಎತ್ತಿ ಹಂಚಿದರು. ಕಂತು ಮುಗಿದ ಮೇಲೆ ಮನೆ ಸ್ವಂತ ಎಂದು ಆಫೀಸಿನವರು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಒಕ್ಕಲು ಬರುವ ದಿನ ಚೆಲುವರಾಜು ರಜ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ.

ಬಡಗಣ ಸಾಲಿನ ಮೊದಲನೇ ಮನೆ ಕೆಂಪಯ್ಯನಿಗೆ ಬಂದಿತ್ತು. ಗಿರಣಿಯ ನೂಲು ಖಾತೆಯಲ್ಲಿ ಕೆಲಸ ಮಾಡುವ ಆಳು. ಅವನ ಹೆಂಡತಿ ಪುಟ್ಟತಾಯಮ್ಮ ಹಾಲಿನ ಚೆಂಬು ಹಿಡಿದುಕೊಂಡು ಬಾಗಿಲ ಮುಂದೆ ನಿಂತವಳು ಒಳಗೆ ಕಾಲಿಡಲಿಲ್ಲ. ಸೂರ್ಯನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು.

"ಇದು ತೆಂಕ್ಲಾಗಿ ನಿಂತದಲ್ಲ! ಯಮನ ದಿಕ್ಕಿಗೆ ಬಾಗ್ಲು ಮಡಗವ್ನೆ. ಯಾವನವ್ವ ಇದ ಕಟ್ದೋನು? ಅವ್ನಿಗೆ ಅಪ್ಪ ಅವ್ವ ಇರ್ನಿಲ್ವ?"

ಕಟ್ಟಿದವನು ಮಾರು ದೂರದಲ್ಲಿ ನಿಂತಿದ್ದ. ಒಕ್ಕಲಿಗರ ಮನೆಯಲ್ಲಿ ಹುಟ್ಟಿದವನು ಅವನು. ಯಾವ ದಿಕ್ಕಿಗೆ ಬಾಗಿಲಿಡುತ್ತಾರೆ, ಯಾವುದಕ್ಕೆ ಇಡುವುದಿಲ್ಲ ಎಂಬುದು ಗೊತ್ತಿಲ್ಲದ ಸಂಗತಿಯಲ್ಲ. ಆದರೆ ವಠಾರದಲ್ಲಿ ಅವರ ಮನೆಯ ಬಾಗಿಲೂ ತೆಂಕಣಕ್ಕೇ ಇತ್ತು, ಯಾರೂ ತುಟಿ ಬಿಚ್ಚಿರಲಿಲ್ಲ. ಬಾಡಿಗೆ ಮನೆಗೆ ಯಾರೂ ದಿಕ್ಕು ಕೇಳುವುದಿಲ್ಲ. ಕೆಡುಕು ಬಂದರೆ ಮನೆಯ ಮಾಲೀಕನಿಗೆ ಬರಲಿ ಅಂತ. ಇವು ಬಾಡಿಗೆ ಮನೆಯಲ್ಲ. ಜನ್ಮದಲ್ಲಿ ಮೊದಲ ಸಲ ಸ್ವಂತವಾಗುವ ಮನೆ. ಬರೆಯುವಾಗ ಅವನಿಗೆ ಅಂಗಳ ಕಂಡಿತ್ತು, ಇದು ಕಂಡಿರಲಿಲ್ಲ. ಯಾರನ್ನೂ ಕೇಳಿಯೂ ಇರಲಿಲ್ಲ.

ಎಂಟು ದಿನದೊಳಗೆ ಕೆಂಪಯ್ಯ ಹಿಂದಿನ ಗೋಡೆ ಒಡೆದು ಕನ್ನಂಬಾಡಿ ರಸ್ತೆಯ ಕಡೆಗೆ ಬಾಗಿಲಿಟ್ಟ. ಹೊಸ ಹೊಸಿಲಿಗೆ ಅರಿಸಿನ ಬಳಿದು, ಮಾವಿನ ಸೊಪ್ಪು ಕಟ್ಟಿ, ಹಾಲು ಉಕ್ಕಿಸಿದರು. ನೋಡನೋಡುತ್ತ ಸಾಲಿಗೆ ಸಾಲೇ ತಿರುಗಿ ಕುಳಿತಿತು. ಮುಂಬಾಗಿಲು ಹಿಂಬಾಗಿಲಾಯಿತು. ಅಂಗಳ ಹಿತ್ತಲಾಯಿತು. ಹಿತ್ತಲಿನಲ್ಲಿ ಏನು ಹಾಕುತ್ತಾರೋ ಅದನ್ನೆಲ್ಲ ಹಾಕಿದರು: ಒಲೆಯ ಬೂದಿ, ಒಡೆದ ಇಟ್ಟಿಗೆ, ಸೌದೆ, ಕೋಳಿ ಮಂಕರಿ. ಯಾರೋ ಒಂದು ಎಮ್ಮೆಯನ್ನೂ ತಂದು ಕಟ್ಟಿದರು.

ತೆಂಕಣ ಸಾಲಿನವರ ಬಾಗಿಲು ಬಡಗಣಕ್ಕೆ, ಅಂದರೆ ಇನ್ನೂ ಅಂಗಳಕ್ಕೇ ಇತ್ತು. ಅವರು ಬೆಳಿಗ್ಗೆ ಎದ್ದು ರಂಗೋಲಿ ಹಾಕಿದರೆ ಎದುರುಗಡೆಯ ಪಾತ್ರೆ ತೊಳೆದ ನೀರು ಹರಿದು ಬಂದು ಅಳಿಸುತ್ತಿತ್ತು. ಆ ಸಾಲಿನ ಶಿವನಂಜಮ್ಮ ಪೊರಕೆ ಹಿಡಿದು ನಿಂತು ಕೂಗುತ್ತಿದ್ದಳು, "ನಿಮ್ಮ ಬಚ್ಚಲು ನಮ್ಮ ಮುಂಬಾಗ್ಲೇನ್ರೇ?"

"ಹಿತ್ಲು ಕಣಮ್ಮ ಇದು, ನಿನ್ನ ಬಾಗ್ಲೇ ತಪ್ಪಾಗದೆ, ಅತ್ಲಾಗಿ ತಿರುಗುಸ್ಕೋ ಓಗು," ಎಂದಳು ಪುಟ್ಟತಾಯಮ್ಮ.

ಚೆಲುವರಾಜು ಪ್ರತಿ ಭಾನುವಾರ ಬರುತ್ತಿದ್ದ. ಗಿಡಗಳಿಗೆ ನೀರು ಹಾಕುವ ನೆಪ. ಅಂಗಳವನ್ನು ಉಳಿಸಲು ಅವನಿಗೆ ಒಂದು ಉಪಾಯ ಹೊಳೆಯಿತು. ತೆಂಕಣ ಸಾಲಿನಲ್ಲಿ ಕ್ರೈಸ್ತರ ಮನೆಗಳೂ ಇದ್ದವು. ಅವರಿಗೆ ಯಮನ ದಿಕ್ಕಿನ ಭಯವಿಲ್ಲ. ಅವರು ಮನೆ ಅದಲುಬದಲು ಮಾಡಿಕೊಂಡು ಬಡಗಣ ಸಾಲಿಗೆ ಬಂದರೆ ಅಲ್ಲಿ ಕೆಲವಾದರೂ ಬಾಗಿಲು ಮತ್ತೆ ಅಂಗಳಕ್ಕೆ ತೆರೆದಾವು. ಒಂದು ಕಡೆಯಿಂದ ಶುರುವಾದರೆ ಸಾಕು. ಅವನು ಗಿರಣಿಯ ಫಿಟ್ಟರ್ ಇನ್ನಾಸಪ್ಪನ ಮನೆಗೆ ಹೋದ. ಪೂಜೆ ಮುಗಿಸಿ ಚರ್ಚಿನಿಂದ ಆಗ ತಾನೆ ಬಂದಿದ್ದರು. ಇನ್ನಾಸಪ್ಪ ಕುರ್ಚಿ ಕೊಟ್ಟ. ಅವನ ಹೆಂಡತಿ ಲೂರ್ದಮ್ಮ ಕಾಫಿ ಕೊಟ್ಟು, ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು.

"ಅಂದ್ರೆ ಅವ್ರೆಲ್ಲ ಬೇಡ ಅಂದ ಬಾಗ್ಲು ನಮ್ಗೆ ಅಂತೀರಾ?"

"ಹಂಗಲ್ಲಮ್ಮ. ನಿಮ್ಮಲ್ಲಿ ದಿಕ್ಕಿನ ಶಾಸ್ತ್ರ ಇಲ್ವಲ್ಲ..."

"ಶಾಸ್ತ್ರ ಇಲ್ಲ ಸಾರ್. ತಲೆ ಇದೆ," ಎಂದಳು ಲೂರ್ದಮ್ಮ. "ನಮ್ಮನ್ನೆಲ್ಲ ಎತ್ತಿ ಒಂದೇ ಸಾಲಿಗೆ ಹಾಕಿದ್ರೆ ನಾಳೆ ಬೆಳಿಗ್ಗೆ ಅದಕ್ಕೆ ಒಂದು ಹೆಸರು ಬೀಳುತ್ತೆ. ಕ್ರೈಸ್ತರ ಸಾಲು. ಹಿಂದೆ ಇದ್ದ ಕಡೆ ಅದೇ ಇತ್ತು. ಕಾಯಿಪಲ್ಯದೋನು ಕೂಡ ಕೊನೇಲಿ ಬರೋನು. ಇಲ್ಲಿ ಚೀಟಿ ಎತ್ತಿ ಕೊಟ್ರಲ್ಲ, ಒಂದ್ಕಡೆ ಶಿವನಂಜಮ್ಮ, ಒಂದ್ಕಡೆ ನಾವು, ಜಗಳಾನಾದ್ರೂ ಆಡ್ತೀವಿ. ಅದು ಸಾಕು ನಮ್ಗೆ."

ಇನ್ನಾಸಪ್ಪ ಸಂಕೋಚದಿಂದ ನಕ್ಕ. "ಅವಳ ಮಾತು ಒರಟು ಸಾರ್. ಕಾಫಿ ಆರೋಗ್ತಿದೆ, ಕುಡೀರಿ."

ಚೆಲುವರಾಜು ಕಾಫಿ ಕುಡಿದ. ಅವಳು ಹೇಳಿದ್ದು ಸರಿ ಎಂದು ಗೊತ್ತಾಗಿತ್ತು. ತಾನು ಯಾವುದನ್ನು ಕಟ್ಟಬೇಕು ಅಂದುಕೊಂಡಿದ್ದನೋ ಅದನ್ನು ಉಳಿಸಲು ಅದನ್ನೇ ಒಡೆಯಲು ಬಂದಿದ್ದ. ಎದ್ದು ಬಂದ. ಆಮೇಲಿನ ಭಾನುವಾರಗಳಲ್ಲಿ ನೀರು ಹಾಕಿದ, ಅಷ್ಟೇ. ಬೇಸಿಗೆ ಬಂತು. ಬಡಗಣ ಸಾಲಿನವರು ಅರ್ಜಿ ಕೊಟ್ಟು ನಲ್ಲಿಯನ್ನು ರಸ್ತೆ ಬದಿಗೆ ಹಾಕಿಸಿಕೊಂಡರು.

ವರ್ಷ ತುಂಬಿದ ಮೇಲೆ ಶಿವಮಲ್ಲಪ್ಪ ಬಂದರು. ಎಮ್ಮೆಯನ್ನು ನೋಡಿದರು. ಬೂದಿಯ ಗುಡ್ಡೆಯನ್ನು ಕೋಲಿನಿಂದ ಕೆದಕಿದರು. ತೆಂಕಣ ಸಾಲಿನ ಮುಂದೆ ಮಾತ್ರ ಶಿವನಂಜಮ್ಮನೂ ಲೂರ್ದಮ್ಮನೂ ಕಟ್ಟೆಯ ಮೇಲೆ ಕೂತು ಒಂದೇ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸಾಹೇಬರು ಬಂದರೆಂದು ಇಬ್ಬರೂ ಎದ್ದು ಒಳಗೆ ಹೋಗಿಬಿಟ್ಟರು. ಕೂತಿರಿ ಎಂದು ಹೇಳಬೇಕೆಂದು ಚೆಲುವರಾಜುಗೆ ಅನ್ನಿಸಿತು. ಹೇಳುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು.

ಜನ ಸೇರಿದರು. "ಈ ಜಾಗ ಹಿಂಗೇ ಇರ್ಬೇಕಾ?" ಎಂದು ಶಿವಮಲ್ಲಪ್ಪ ಕೇಳಿದರು.

ಕೆಂಪಯ್ಯ ಮುಂದೆ ಬಂದ. "ಇತ್ಲು ಯಾರಿಗ್ ಬ್ಯಾಡ ಬುದ್ಧಿ? ಇದ್ರೆ ಒಳ್ಳೇದೇ. ಆದ್ರೆ ನನ್ನ ತಮ್ಮ ಬಸವರಾಜು ಎಂಡ್ತಿ ಮಕ್ಕಳ ಕಟ್ಕೊಂಡು ನನ್ ಮನೇಲೇ ಬಂದು ಬಿದ್ದವ್ನೆ. ರಾತ್ರಿ ಕಾಲು ಚಾಚಕ್ಕೆ ಜಾಗ ಇಲ್ಲ. ಇಲ್ಲಿ ಎಮ್ಮೆ ಕಾಲು ಚಾಚ್ಕೊಂಡು ಮಲಗದೆ."

ಜನ ನಕ್ಕರು. ನಕ್ಕವರಿಗೆಲ್ಲ ಒಬ್ಬ ತಮ್ಮನೋ ಭಾವಮೈದನೋ ಇದ್ದ. ಅಲ್ಲಿ ಮನೆ ಕಟ್ಟುವುದು ಬೇಡ ಎಂದು ಯಾರೂ ಅನ್ನಲಿಲ್ಲ.

ಶಿವಮಲ್ಲಪ್ಪ ಚೆಲುವರಾಜು ಕಡೆ ತಿರುಗಿದರು. "ನೀನೇನಂತೀಯಯ್ಯ? ಹೇಳು, ಈಗ್ಲೇ ಹೇಳು."

ಚೆಲುವರಾಜು ಗಂಟಲು ಸರಿಮಾಡಿಕೊಂಡ. "ಸಾರ್, ಒಂದು ವರ್ಷ ಸಾಲದು."

"ಎಷ್ಟು ಬೇಕು?"

ವಠಾರದಲ್ಲಿ ಜನ ಮೂರು ತಲೆಮಾರು ಒಟ್ಟಿಗಿದ್ದರು. ಅದನ್ನು ಇಲ್ಲಿ ಹೇಗೆ ಹೇಳುವುದು? ಬಸವರಾಜು ಹೆಂಡತಿ ಹಿಂಬಾಗಿಲಲ್ಲಿ ಕಂಕುಳಲ್ಲಿ ಒಂದು, ಸೆರಗಿಗೆ ಒಂದು ಮಗು ಅಂಟಿಸಿಕೊಂಡು ಇವನ ಬಾಯನ್ನೇ ನೋಡುತ್ತಿದ್ದಳು. ಇನ್ನೂ ಹತ್ತು ವರ್ಷ ಕಾಯಿರಿ ಎಂದು ಅವಳ ಮುಖ ನೋಡಿ ಹೇಳುವುದಕ್ಕೆ ಬಾಯಿದ್ದವನಿಗೂ ಆಗುತ್ತಿರಲಿಲ್ಲ.

"ಗೊತ್ತಿಲ್ಲ ಸಾರ್," ಎಂದ.

"ಸರಿ, ಹಾಗಾದ್ರೆ ಇಲ್ಲಿಗೆ ಮನೆ ನಕ್ಷೆ ನೀನೇ ಬರಿ," ಎಂದರು ಶಿವಮಲ್ಲಪ್ಪ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅವನೇ ಬರೆದ. ಬರೆಯುವ ಮೊದಲು ಕಾಲೋನಿಗೆ ಹೋಗಿ ಬಸವರಾಜುವನ್ನು, ಮನೆ ಬೇಕಾದ ಇನ್ನು ಕೆಲವರನ್ನು ಕೂರಿಸಿಕೊಂಡು ಬಾಗಿಲು ಎತ್ತ ಬೇಕು ಎಂದು ಕೇಳಿದ. ಪೂರ್ವಕ್ಕೆ ಎಂದರು. ಎಲ್ಲ ಬಾಗಿಲೂ ಪೂರ್ವಕ್ಕೆ ಇಟ್ಟ. ಒಂದರ ಬೆನ್ನು ಇನ್ನೊಂದರ ಮುಖಕ್ಕೆ. ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲು ಕಾಣುತ್ತಿರಲಿಲ್ಲ. ಒಂದು ದೂರೂ ಬರಲಿಲ್ಲ. ಬಸವರಾಜು ಹೊಸ ಮನೆಗೆ ಒಕ್ಕಲು ಬಂದ ದಿನ ಪುಟ್ಟತಾಯಮ್ಮ ಅವನನ್ನು ಕರೆದು ಎಲೆ ಹಾಕಿ ಪಾಯಸ ಬಡಿಸಿದಳು. "ಈಗ ಕಲ್ತೆ ಕಣಪ್ಪ ಮನೆ ಕಟ್ಟೋದ," ಎಂದಳು. ಅವಳು ಅಂದದ್ದು ಅಕ್ಕರೆಯಿಂದಲೇ. ಅವನು ಇನ್ನೊಂದು ಸೌಟು ಹಾಕಿಸಿಕೊಂಡು ಉಂಡ.

ಅಂಗಳ ನೂರಾ ಅರವತ್ತು ಅಡಿ ಉದ್ದ, ಅರವತ್ತು ಅಡಿ ಅಗಲ ಇತ್ತು. ಅದರ ಮೇಲೆ ಹನ್ನೆರಡು ಮನೆ ಎದ್ದವು. ಒಂದು ಕಟ್ಟೆ ಕಿತ್ತರು, ಒಗೆಯುವ ಕಲ್ಲು ಎರಡು ಒಡೆದರು, ಬದುಕಿದ್ದ ಏಳು ಹೊಂಗೆ ಗಿಡ ಕಡಿದರು. ಮುಂದಿನ ಎರಡು ಕಾಲೋನಿಗಳ ನಕ್ಷೆಯಿಂದ ಎರಡು ಅಂಗಳ ಹೊಡೆದುಹಾಕಿದರು. ಒಟ್ಟು ಮೂರು ಅಂಗಳ ಹೋದವು.