ಐ ಆಮ್ ಮಿಸ್ಸಿಂಗ್

ಅಂಗಡಿಗಳ ಫಲಕಗಳಿಗೆ ಇಂಗ್ಲಿಷ್ ಅಕ್ಷರ ಬರೆಯುವುದು ನನ್ನ ಕಸುಬು. ಬರೆದದ್ದರ ಅರ್ಥವೂ ನನಗೆ ಗೊತ್ತೆಂದು ಜನ ನಂಬಿದ್ದರು. ಅವರಿಗಿಂತ ಗಟ್ಟಿಯಾಗಿ ನಾನು ನಂಬಿದ್ದೆ.

ಆ ವಾರ ಹೆಂಡತಿ, ಕಾಲು ಮುರಿದುಕೊಂಡಿದ್ದ ತನ್ನ ಅಕ್ಕನ ಆರೈಕೆಗೆಂದು ಪಕ್ಕದ ಊರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಫೋನಿನಲ್ಲಿ ಗೊಣಗಿದಳು: "ಊಟ ಆಯ್ತಾ ಅಂತ ಕೇಳೋದು ಬಿಟ್ರೆ ನಿಮಗೆ ಬೇರೆ ಮಾತೇ ಬರಲ್ವಾ?"

ಮಾತು ನಾಟಿತು. ಇಂಗ್ಲಿಷಿನಲ್ಲೇ ಒಂದು ಸಾಲು ಕಳಿಸಿ ಅವಳನ್ನು ಬೆರಗಾಗಿಸಲು ಹೊರಟೆ. 'ಐ ಆಮ್ ಮಿಸ್ಸಿಂಗ್' ಎಂದು ಒತ್ತಿದೆ. ಕೊನೆಗೆ 'ಯೂ' ಎಂಬುದೊಂದು ಇರುತ್ತದೆಂದು ಗೊತ್ತಿತ್ತು. ಆದರೆ ಹಲಗೆಯಲ್ಲಿ ಜಾಗ ಸಾಲದಾಗ ಕೊನೆಯ ಪದ ಹಾರಿಸುವುದು ನನ್ನ ಹಳೇ ಚಾಳಿ. ಸಾಲು ಚೊಕ್ಕವಾಗಿ ಕಂಡಿತು, ಕಳಿಸಿಬಿಟ್ಟೆ. ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಔಷಧಿ ಅಂಗಡಿಯ ಫಲಕ ಬರೆಯಲು ಹೋದೆ.

ಸಂಜೆ ಬಂದರೆ ಮನೆ ಮುಂದೆ ಗುಂಪು. ಹಿಂದೆ ನಿಂತು, "ಏನಾಯ್ತು?" ಎಂದೆ.

"ಯಾರೋ ಕಾಣೆಯಾಗಿದ್ದಾರಂತೆ," ಎಂದರು ಒಬ್ಬರು, ತಿರುಗಿ ನೋಡದೆ.

"ಅಯ್ಯೋ ಪಾಪ!" ಎಂದು ಲೊಚಗುಟ್ಟಿದೆ.

ಬಾಗಿಲಲ್ಲಿ ಪೊಲೀಸಿನವನೊಬ್ಬ ಗುರುತು ಕೇಳುತ್ತಿದ್ದ. ಹೆಂಡತಿ ಬಿಕ್ಕುತ್ತಿದ್ದಳು: "ಕುಳ್ಳಗಿದ್ದಾರೆ. ಬುದ್ಧಿ ಸ್ವಲ್ಪ ಕಮ್ಮಿ. ಆದ್ರೆ ತುಂಬಾ ಒಳ್ಳೇವ್ರು."

ಎರಡನೆಯ ಗುರುತಿಗೇ ಅದು ನಾನೆಂದು ತಿಳಿಯಿತು. ಗುಂಪು ಸೀಳಿ ಮುಂದೆ ಬಂದೆ.

ನನ್ನ ಸಂದೇಶ ಓದಿ 'ಕಾಣೆಯಾಗಿದ್ದೇನೆ' ಎಂದು ಅರ್ಥ ಹೇಳಿದವನು ಅಕ್ಕನ ಗಂಡ, ನನ್ನ ಷಡ್ಡಕ. ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತದಿದ್ದಾಗ ಅಕ್ಕನನ್ನು ನೆರೆಯವರಿಗೊಪ್ಪಿಸಿ ಇಬ್ಬರೂ ಓಡಿಬಂದಿದ್ದರು.

"ಅದು... ನಿನ್ನ ನೆನಪಾಗ್ತಿದೆ ಅಂತ ಕಣೇ," ತೊದಲಿದೆ.

ಪೊಲೀಸಿನವನು ಅವಳ ಫೋನು ನೋಡಿದ. "'ಯೂ' ಎಲ್ರೀ ಸ್ವಾಮಿ? ಅದಿಲ್ದಿದ್ರೆ ಕಾಣೆಯಾದೋರು ನೀವೇ! ಕಾಣೆಯಾದೋರು ತಾವೇ ಸುದ್ದಿ ಕೊಟ್ಟಿದ್ದನ್ನ ಇವತ್ತೇ ನೋಡಿದ್ದು."

ಗುಂಪು ಗೊಳ್ಳೆಂದಿತು. ಹೆಂಡತಿ ಮಾತ್ರ ನಗಲಿಲ್ಲ. "ನಮ್ಮ ಮಾತಲ್ಲಿ ಹೇಳೋಕೆ ಬಾಯಿಗೆ ಬೀಗ ಬಿದ್ದಿತ್ತಾ? ಈಗ ಹೇಳಿ."

"ಎಲ್ಲರ ಮುಂದೇನಾ?"

"ಹುಡುಕೋಕೆ ನಿಂತೋರು ಎಲ್ಲರೂ ತಾನೇ!"

ಕಿವಿ ಬಿಸಿಯಾಯಿತು. "ನೀನಿಲ್ದೆ ಮನೆ ಬಿಕೋ ಅಂತಿದೆ," ಎಂದೆ.

ಈಗ ಯಾರೂ ನಗಲಿಲ್ಲ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಗೆದ್ದೆ ಅಂದುಕೊಂಡೆ. ಮರುಗಳಿಗೆಯೇ ಅಡುಗೆಮನೆಯಿಂದ ಕೂಗು ಬಂತು: "ರೀ! ನಾನು ಹೋದಾಗಿನಿಂದ ಒಂದು ಲೋಟಾನೂ ತೊಳೆದಿಲ್ವಲ್ರೀ!"

ಮನೆ ಬಿಕೋ ಎನ್ನುತ್ತಿದ್ದುದು ನಿಜ. ಪಾತ್ರೆಗಳ ತೊಟ್ಟಿಗೆ ಮಾತ್ರ ಆ ಮಾತು ಅನ್ವಯಿಸುತ್ತಿರಲಿಲ್ಲ.

ಷಡ್ಡಕ ಅಂಗಿಯ ತೋಳು ಮಡಿಸಿದ. "ನಡಿಯಪ್ಪ, ನೀನು ತೊಳಿ, ನಾನು ಒರೆಸ್ತೀನಿ."

ಅವಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಳು. ನನ್ನ ಕೈ ಸೋಪಿನ ನೊರೆಯಲ್ಲಿ ಮುಳುಗಿದ್ದಾಗ, 'ನೀನಿಲ್ದೆ ಮನೆ ಬಿಕೋ ಅಂತಿದೆ' ಎಂಬ ಮಾತನ್ನು ಇನ್ನೊಂದು ಸಲ ಹೇಳಿಸಿದಳು.