ಕಮಲಾಪುರದ ಓಟು

ವಾರ್ಡ್ ಸಮಿತಿಗೆ ಹತ್ತು ಜನ ಬೇಕಾಗಿದ್ದರು. ಪ್ರಕಟಣೆ ಪತ್ರಿಕೆಯ ಐದನೇ ಪುಟದಲ್ಲಿ, ಕೊಳವೆಬಾವಿಯ ಜಾಹೀರಾತಿನ ಕೆಳಗೆ ಬಂದಿತ್ತು. ಸಂಬಳವಿಲ್ಲ, ಭತ್ಯೆಯಿಲ್ಲ, ತಿಂಗಳಿಗೊಂದು ಸಭೆ. ಆಸಕ್ತರು ಇಪ್ಪತ್ತು ದಿನದೊಳಗೆ ಅರ್ಜಿ ಹಾಕಬೇಕು. ರಮಾಬಾಯಿ ಅದನ್ನು ಎರಡು ಸಲ ಓದಿ, ಕತ್ತರಿಸಿ, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಳು.

"ಸಂಬಳ ಇಲ್ಲಂತ ಬರದಾರ, ನೋಡಿದಿ ಇಲ್ಲೋ?" ಎಂದ ಗಂಡ ಯಂಕಪ್ಪ.

"ನೋಡೀನಿ."

"ಮೂವತ್ನಾಕು ವರ್ಷ ಸಂಬಳ ತಗೊಂಡು ಊರೂರು ತಿರಗಿದಿ. ಈಗ ಪುಕ್ಕಟೆ ತಿರಗ್ತಿ."

ಆ ಮೂವತ್ತನಾಲ್ಕು ವರ್ಷ ಅವಳು ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ಸರಕಾರಿ ಆರೋಗ್ಯ ಸಹಾಯಕಿಯಾಗಿದ್ದಳು. ಕಲಬುರಗಿಯ ಅಂಚಿಗೆ, ಶರಣಸಿರಸಗಿ ಕಡೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿ ಹನ್ನೊಂದು ವರ್ಷವಾಗಿತ್ತು. ನಿವೃತ್ತಿಯಾಗಿ ಎರಡು ವರ್ಷ ಕಳೆದರೂ ಲೇಔಟಿನವರೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು.

ಸಮಿತಿಯಿಂದ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಗೋಡೆ. ಲೇಔಟಿಗೆ ಬರುವ ದಾರಿಯಲ್ಲಿ ಒಂದು ನಾಲಾ ಇತ್ತು, ಅದರ ಮೇಲೆ ಹತ್ತು ಅಡಿ ಅಗಲದ ಸೇತುವೆ ಇತ್ತು, ಸೇತುವೆಯ ಎರಡೂ ಬದಿಗೆ ಏನೂ ಇರಲಿಲ್ಲ. ಮಳೆಗಾಲದಲ್ಲಿ ನೀರು ಸೇತುವೆಯ ಮಟ್ಟಕ್ಕೆ ಬಂದರೆ ರಸ್ತೆ ಎಲ್ಲಿ ಮುಗಿಯಿತು, ನಾಲಾ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಎರಡು ವರ್ಷದಲ್ಲಿ ಮೂರು ಸ್ಕೂಟರ್ ಬಿದ್ದಿದ್ದವು. ಮೂರನೆಯದು ಎದುರು ಮನೆಯ ಅಫ್ರೀನ್‌ಳದು. ಕಾಲೇಜು ಮುಗಿಸಿ ಬರುತ್ತಿದ್ದ ಹುಡುಗಿ ಸ್ಕೂಟರ್ ಸಮೇತ ಕೆಳಗೆ ಹೋದಳು. ಮುರಿದ ಮಣಿಕಟ್ಟಿಗೆ ಮೊದಲು ಪಟ್ಟಿ ಕಟ್ಟಿದ್ದು ರಮಾಬಾಯಿ. ವರ್ಷದ ಕಾಮಗಾರಿಗಳ ಪಟ್ಟಿ ವಾರ್ಡ್ ಸಮಿತಿಯಲ್ಲಿ ತಯಾರಾಗುತ್ತದೆ, ಪಟ್ಟಿಯಲ್ಲಿ ಬರದ ಕೆಲಸ ಆಗುವುದಿಲ್ಲ ಎಂದು ಅವಳಿಗೆ ಆಮೇಲೆ ಗೊತ್ತಾಯಿತು.

ಅರ್ಜಿ ತುಂಬಿ, ಫೋಟೋ ಅಂಟಿಸಿ, ಮರುದಿನವೇ ವಾರ್ಡ್ ಕಚೇರಿಗೆ ಹೋದಳು. ಗುಮಾಸ್ತ ಕಾಗದಗಳನ್ನು ಒಂದೊಂದಾಗಿ ಮಗುಚಿ ನೋಡಿದ.

"ಎಲ್ಲಾ ಬರೋಬ್ಬರಿ ಅದ ಸಿಸ್ಟರ್. ಖರೆ ನಿಮ್ಮ ಓಟಿನ ಕಾರ್ಡ್ ಕಮಲಾಪುರದ್ದದ."

"ಅದು ನಮ್ಮ ಊರು. ಇರೋದು ಇಲ್ಲೇ, ಹನ್ನೊಂದು ವರ್ಷದಿಂದ."

"ಇರ್ರಿ. ಬ್ಯಾಡ ಅಂದೋರು ಯಾರು? ಆದ್ರ ಈ ವಾರ್ಡಿನ ಲಿಸ್ಟಿನಾಗ ನೀವಿಲ್ಲ. ಇಲ್ಲಿ ಓಟು ಇದ್ದೋರೇ ಸಮಿತಿಯಾಗ ಕುಂದರಬೇಕು, ಕಾಯ್ದೇನೇ ಹಂಗದ." ಅವನು ಅರ್ಜಿಯನ್ನು ಮರಳಿಸಿದ. "ನಿಮ್ಮ ಲೇಔಟಿನಿಂದ ಬ್ಯಾರೆ ಯಾರನ್ನರೆ ಕಳಸ್ರಿ. ಈತನಕ ಒಂದು ಅರ್ಜಿ ಭಿ ಬಂದಿಲ್ಲ."

ಭಾನುವಾರ ಅಫ್ರೀನ್‌ಳ ತಂದೆ ಜಹಾಂಗೀರ್ ಅವರ ಅಂಗಳದಲ್ಲಿ ನಿವಾಸಿಗಳ ಸಂಘದ ಸಭೆ ಸೇರಿತು. ಆಟೋ ಬಿಡಿಭಾಗಗಳ ಅಂಗಡಿಯ ಜಹಾಂಗೀರ್ ಸಂಘದ ಅಧ್ಯಕ್ಷರು. ಬೇರೆಯವರೆಲ್ಲ ಬೇಡವೆಂದದ್ದರಿಂದ ಆರು ವರ್ಷದಿಂದ ಅವರೇ ಅಧ್ಯಕ್ಷರು. ಅವರ ಹೆಂಡತಿ ನಜ್ಮಾ ಚಹಾ ಹಂಚಿದಳು. ಇಪ್ಪತ್ತೆರಡು ಜನ ಬಂದಿದ್ದರು. ರಮಾಬಾಯಿ ನಾಲಾ, ಗೋಡೆ, ಸಮಿತಿ, ಪಟ್ಟಿ ಎಲ್ಲವನ್ನೂ ಬಿಡಿಸಿ ಹೇಳಿದಾಗ ಅಂಗಳದಲ್ಲಿ ಹುರುಪು ಬಂತು. ಹೆಸರು ಕೊಡಲು ಏಳು ಕೈ ಎದ್ದವು.

"ಓಟು ಎಲ್ಲದ ನಿಮ್ದು?" ಎಂದು ಅವಳು ಒಬ್ಬೊಬ್ಬರನ್ನೇ ಕೇಳಿದಳು.

ಅಕ್ರಮ್ ಮಾಸ್ತರರದು ಸೇಡಂನಲ್ಲಿತ್ತು. ಬ್ಯಾಂಕಿನ ಸೂಗಪ್ಪನದು ಜೇವರ್ಗಿಯಲ್ಲಿ. ಒಬ್ಬರದು ಆಳಂದ, ಒಬ್ಬರದು ಚಿತ್ತಾಪುರ. ಏಳು ಕೈಗಳೂ ಒಂದೊಂದಾಗಿ ಕೆಳಗಿಳಿದವು.

"ಅಧ್ಯಕ್ಷರೇ, ನಿಮ್ದು?"

ಜಹಾಂಗೀರ್ ಚಹಾದ ಕಪ್ಪು ಕೆಳಗಿಟ್ಟರು. "ನಮ್ದು ಹಳೇ ಮೊಹಲ್ಲಾದಾಗ ಅದ ಸಿಸ್ಟರ್. ಅಬ್ಬಾ ಇದ್ದಾಗಿಂದ."

"ಆರು ವರ್ಷ ಅಧ್ಯಕ್ಷ ಆಗ್ಯಾರ," ಎಂದಳು ನಜ್ಮಾ ಟ್ರೇ ಹಿಡಿದು ನಿಂತಲ್ಲಿಂದಲೇ, "ಮೊಹಲ್ಲಾದವರು ಇವರಿಗೆ ಓಟು ಹಾಕಂಗಿಲ್ಲ, ಇಲ್ಲಿಯವರಿಗೆ ಇವರು ಹಾಕಂಗಿಲ್ಲ."

ಎಲ್ಲರೂ ನಕ್ಕರು. ಜಹಾಂಗೀರ್ ಕೂಡ ನಕ್ಕು, ದನಿ ತಗ್ಗಿಸಿ ಒಂದು ದಾರಿ ಹೇಳಿದರು: "ಹೊಸಾ ಅರ್ಜಿ ಹಾಕ್ರಿ, ಮೊದಲ ಸಲ ಹೆಸರು ಸೇರಸಾಕತ್ತೀನಿ ಅಂತ. ಅಲ್ಲೂ ಇರ್ಲಿ, ಇಲ್ಲೂ ಇರ್ಲಿ. ಯಾರ್ ನೋಡ್ತಾರ?"

"ನಾ ನೋಡ್ತೀನಲ್ಲ," ಎಂದಳು ರಮಾಬಾಯಿ. "ಒಂದು ಕೂಸನ್ನ ಎರಡು ಕಡೆ ಲೆಕ್ಕ ಹಿಡದ್ರ ಪಟ್ಟಿ ಸುಳ್ಳಾಗ್ತದ. ಅಂಥಾ ಪಟ್ಟಿ ಬರದವ್ರಿಗೆ ನಾನೇ ಮೆಮೊ ಕೊಡಸೀನಿ."

ಮರುದಿನದಿಂದ ಅವಳು ತನಗೆ ಗೊತ್ತಿದ್ದ ಕೆಲಸಕ್ಕೆ ಇಳಿದಳು. ಪೋಲಿಯೊ ಹನಿ ಹಾಕುವಾಗ ತಂಡದವರು ಪ್ರತಿ ಮನೆಯ ಬಾಗಿಲ ಪಕ್ಕ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಮನೆಯ ಮಕ್ಕಳೆಲ್ಲರಿಗೂ ಹನಿ ಬಿದ್ದಿದ್ದರೆ ಪಿ, ಒಬ್ಬರು ತಪ್ಪಿದ್ದರೂ ಎಕ್ಸ್. ಎಕ್ಸ್ ಇದ್ದ ಮನೆಗೆ ಮತ್ತೆ ಹೋಗಬೇಕು. ಅವಳು ಅದೇ ಸೀಮೆಸುಣ್ಣ ಹಿಡಿದು ನಾಲ್ಕು ದಿನ ಮುಂಜಾನೆ ಲೇಔಟು ತಿರುಗಿದಳು. ಮನೆಯ ವಯಸ್ಕರೆಲ್ಲರ ಓಟು ಇಲ್ಲೇ ಇದ್ದರೆ ಪಿ, ಒಬ್ಬರದಾದರೂ ಹೊರಗಿದ್ದರೆ ಎಕ್ಸ್. ನೂರ ಇಪ್ಪತ್ತಾರು ಮನೆಗಳಲ್ಲಿ ಪಿ ಬಿದ್ದದ್ದು ಒಂಬತ್ತಕ್ಕೆ. ಒಟ್ಟು ನಾನೂರ ಹನ್ನೆರಡು ವಯಸ್ಕರಲ್ಲಿ ವಾರ್ಡಿನ ಪಟ್ಟಿಯಲ್ಲಿದ್ದವರು ಮೂವತ್ತೊಂದು. ಆ ಮೂವತ್ತೊಂದು ಜನರಲ್ಲಿ ಸಮಿತಿಗೆ ಬರುತ್ತೇನೆಂದವರು ಯಾರೂ ಇಲ್ಲ. ಹಾಜಿರಾ ಎಂಬ ದರ್ಜಿಯೊಬ್ಬಳು ಮಾತ್ರ, ಹೊಲಿಗೆ ಮಷೀನಿನಿಂದ ಕಣ್ಣೆತ್ತದೆ, "ನನಗ್ಯಾಕ್ ಬೇಕವ್ವಾ, ನಾ ಸ್ಕೂಟರ್ ಹೊಡ್ಯಂಗಿಲ್ಲ," ಎಂದು ಕಾರಣ ಕೊಟ್ಟಳು.

ಕೊನೆಗೆ ತನ್ನ ಮನೆಯ ಬಾಗಿಲಿಗೆ ಬಂದು ರಮಾಬಾಯಿ ಎಕ್ಸ್ ಹಾಕಿದಳು.

"ನನ್ನ ಮನಿಗೂ?" ಎಂದ ಯಂಕಪ್ಪ.

"ನಿಂದೂ ಕಮಲಾಪುರದಾಗೇ ಅದಲ್ಲ."

ವಿಳಾಸ ಬದಲಾಯಿಸಲು ಎಂಟನೇ ನಮೂನೆ ಸಾಕಿತ್ತು. ಎರಡು ಪುಟ, ಒಂದು ಸಹಿ. ತುಂಬಿ ಇಟ್ಟುಕೊಂಡಳು, ಆದರೆ ಕೊಡಲಿಲ್ಲ. ಕಮಲಾಪುರದಲ್ಲಿ ತಮ್ಮ ಅಂಬಣ್ಣ ಪಂಚಾಯಿತಿ ಚುನಾವಣೆಗೆ ನಿಲ್ಲುವವನಿದ್ದ. ಹಿಂದೊಮ್ಮೆ ಗೆದ್ದು ಐದು ವರ್ಷ ಸದಸ್ಯನಾಗಿದ್ದ. ಹೋದ ಸಲ ನಾಲ್ಕು ಓಟಿನಿಂದ ಸೋತಿದ್ದ. ಕಲಬುರಗಿಯಲ್ಲಿದ್ದ ಮನೆಮಂದಿಯ ಓಟುಗಳು ಒಟ್ಟು ಒಂಬತ್ತು. ಓಟಿನ ದಿನ ಅಂಬಣ್ಣ ಒಂದು ಕ್ರೂಸರ್ ಗಾಡಿ ಕಳಿಸುತ್ತಿದ್ದ. ಒಂಬತ್ತೂ ಜನ ಹೋಗಿ, ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ತಾಯಿ ಮಾನಮ್ಮನ ಕೈಯ ಊಟ ಮಾಡಿ ಬರುತ್ತಿದ್ದರು. ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣುವ ದಿನ ಈಚೆಗೆ ಅದೊಂದೇ ಆಗಿತ್ತು.

ಅರ್ಜಿಯ ಗಡುವಿಗೆ ಹದಿಮೂರು ದಿನ ಉಳಿದಿದ್ದಾಗ ಅವಳು ಕಮಲಾಪುರದ ಬಸ್ಸು ಹತ್ತಿದಳು. ಸಂತೆಯ ದಿನ. ಬಸ್ ನಿಲ್ದಾಣದ ಎದುರು ಅಂಬಣ್ಣ ತನ್ನ ಅಂಗಡಿಯಲ್ಲಿ ಕೆಂಪು ಬಾಳೆಯ ಗೊನೆ ತೂಗುಹಾಕುತ್ತಿದ್ದ. ಗಿರಾಕಿಗಳು ಕಡಿಮೆಯಾಗುವವರೆಗೆ ಕಾದು, ಮನೆಗೆ ಹೋದ ಮೇಲೆ ತಾಯಿಯ ಎದುರಿಗೇ ವಿಷಯ ತೆಗೆದಳು.

ಅಂಬಣ್ಣ ಪೂರಾ ಕೇಳಿಸಿಕೊಂಡ. "ಅಂದ್ರ ನನ್ನ ಓಟು ನಿನ್ನ ನಾಲಾಕ್ಕ ಹೋತು."

"ನಿನ್ನ ಓಟು ಅಲ್ಲ, ನಂದು."

"ಅಕ್ಕಾ, ನಾಕು ಓಟಿನಿಂದ ಬಿದ್ದಂವ ನಾ. ನೀ ಒಂದು ತಗದ್ರ, ಮಾವ ತಗೀತಾನ. ಅದ ನೋಡಿ ಸಣ್ಣಕ್ಕ ತಗೀತಾಳ. ಒಂಬತ್ತೂ ಹೋದ್ವು ಅಂದ್ರ ನಾ ಯಾಕ ನಿಲ್ಲಬೇಕು?"

"ಬ್ಯಾರೆಯವರದು ನಾ ಕೇಳಾಕತ್ತಿಲ್ಲ. ನಂದು ಒಂದೇ."

"ಸಮಿತಿಯಾಗ ಏನ್ ಕೊಡ್ತಾರ ನಿನಗ?"

"ಚಹಾ."

"ಚಹಾಕ್ಕಾಗಿ ಊರು ಬಿಡ್ತಿ." ಅವನು ಎದ್ದು ನಿಂತ. "ಲಿಸ್ಟಿನಾಗ ಹೆಸರಿಲ್ಲ ಅಂದ್ರ ನೀ ಈ ಊರಿಗೆ ಬೀಗತಿ ಇದ್ದಂಗ. ಬಾ, ಉಣ್ಣು, ಹೋಗು. ಅಷ್ಟೇ."

ಈ ಮಾತಿಗೆ ರಮಾಬಾಯಿ ತಯಾರಿರಲಿಲ್ಲ. ಇಪ್ಪತ್ತೊಂದು ತುಂಬಿದ ವರ್ಷದಿಂದ ಆ ಪಟ್ಟಿಯಲ್ಲಿ ಅವಳ ಹೆಸರಿತ್ತು. ಮದುವೆಯಾದರೂ, ವರ್ಗವಾದರೂ, ಮನೆ ಕಟ್ಟಿಸಿದರೂ ಅಲ್ಲಿಂದ ಕದಲಿರಲಿಲ್ಲ. ಅವಳು ಬಾಗಿಲಾಚೆ ಕೈ ಮಾಡಿದಳು. ಓಣಿಯ ಉದ್ದಕ್ಕೂ ಸಿಮೆಂಟ್ ರಸ್ತೆ, ಎರಡೂ ಕಡೆ ಚರಂಡಿ.

"ಈ ರಸ್ತೆ ಹ್ಯಾಂಗ ಬಂತು, ಹೇಳು."

"ನಾ ತಂದೆ."

"ನೀ ಹ್ಯಾಂಗ ತಂದಿ? ಈ ಓಣಿಯಾಗ ಇನ್ನೂರಾ ಹತ್ತು ಓಟು ಅದಾವಂತ ಪಂಚಾಯಿತಿಯಾಗ ಮೇಜು ಕುಟ್ಟಿ ಹೇಳಿದಿ. ನೀನೇ ನನಗ ಹೇಳಿದ್ದು. ಅಲ್ಲಿ ನಾ ಮೇಜು ಕುಟ್ಟಿದ್ರ ಏನಂತ ಹೇಳಲಿ? ಮೂವತ್ತೊಂದು ಅಂತನಾ?"

ಅಂಬಣ್ಣ ಸಂತೆಯ ಹೊತ್ತು, ಅಂಗಡಿಯಲ್ಲಿ ಯಾರೂ ಇಲ್ಲ ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ. ಮಾನಮ್ಮ ಇಷ್ಟು ಹೊತ್ತು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಆ ಹುಡುಗಿ ಕೈ ಈಗ ಹ್ಯಾಂಗದ?" ಎಂದು ಕೇಳಿದಳು.

"ಕೂಡ್ಯದ. ಖರೆ ಪೂರಾ ಮಡಚಾಕ ಬರಂಗಿಲ್ಲ."

"ಓಟು ಒಯ್ಯಿ," ಎಂದಳು ಮಾನಮ್ಮ. "ಊಟಕ್ಕ ಮಾತ್ರ ತಪ್ಪಸಬ್ಯಾಡ. ಅವನಿಗೆ ನಾ ಹೇಳ್ತೀನಿ."

ಮರುದಿನ ರಮಾಬಾಯಿ ನಮೂನೆ ಕೊಟ್ಟಳು. ಮತಗಟ್ಟೆ ಅಧಿಕಾರಿ ಮನೆಗೆ ಬಂದು ನೋಡಿಕೊಂಡು ಹೋದಳು. ಆಕ್ಷೇಪಣೆಗೆ ಏಳು ದಿನ ಕಾಯಬೇಕಾಯಿತು. ಗಡುವು ಮುಗಿಯಲು ಎರಡು ದಿನವಿದ್ದಾಗ ಅವಳ ಹೆಸರು ವಾರ್ಡಿನ ಪಟ್ಟಿಗೆ ಬಂತು. ಅದೇ ದಿನ ಕಮಲಾಪುರದ ಪಟ್ಟಿಯಿಂದ ಹೋಯಿತು. ಯಂಕಪ್ಪ ತನ್ನದನ್ನು ಅಲ್ಲೇ ಉಳಿಸಿಕೊಂಡ. "ಮನ್ಯಾಗ ಒಬ್ಬರರೆ ಊರವರು ಇರಬೇಕು," ಎಂದ.

ಹತ್ತು ಸ್ಥಾನಕ್ಕೆ ಬಂದಿದ್ದ ಅರ್ಜಿಗಳೇ ಹನ್ನೆರಡು. ಆಯ್ಕೆಯಾದವರಲ್ಲಿ ಅವಳ ಹೆಸರು ಎಂಟನೆಯದಾಗಿ ಬಂತು. ಮೊದಲ ಸಭೆಗೆ ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳು ಎಕ್ಸ್ ಮನೆಗಳಿಗೆ ಎಂಟನೇ ನಮೂನೆ ಹಿಡಿದು ಮತ್ತೆ ಮತ್ತೆ ಹೋದಳು. ಮೊದಲು ಕೊಟ್ಟವರು ನಜ್ಮಾ, ಅಫ್ರೀನ್. ಹೆಂಡತಿ ಕೊಟ್ಟು ಮೂರು ವಾರವಾದ ಮೇಲೆ ಜಹಾಂಗೀರ್, ಇನ್ನು ಮನೆಯಲ್ಲಿ ಮಾತು ಕೇಳಲಾರೆ ಎಂದು ಕೊಟ್ಟರು. ಮೂವತ್ತೊಂದು ಇದ್ದದ್ದು ನೂರ ನಲವತ್ತಾಯಿತು.

ಕಮಲಾಪುರದ ಓಟಿನ ದಿನ ಕ್ರೂಸರ್ ಎಂದಿನಂತೆ ಲೇಔಟಿಗೆ ಬಂತು. ರಮಾಬಾಯಿ ಅದರಲ್ಲಿ ಹತ್ತಲಿಲ್ಲ. ಅಭ್ಯರ್ಥಿಯ ಗಾಡಿ ಮತದಾರರಲ್ಲದವರಿಗಲ್ಲ ಎಂದು ಬಸ್ಸಿನಲ್ಲಿ ಹೋದಳು. "ಮತದಾರರಿಗೂ ಅಲ್ಲ ಅದು, ಕಾಯ್ದೆ ಪ್ರಕಾರ," ಎಂದು ಯಂಕಪ್ಪ ಕಿಟಕಿಯಿಂದ ಕೂಗಿದ, ಇಳಿಯಲಿಲ್ಲ. ಉಳಿದವರು ಸಾಲಿನಲ್ಲಿ ನಿಂತಿದ್ದಾಗ ಅವಳು ತಾಯಿಯ ಜೊತೆ ಅಡುಗೆಮನೆಯಲ್ಲಿ ರೊಟ್ಟಿ ಬಡಿದಳು. ಊಟಕ್ಕೆ ಕೂತಾಗ ಅವಳೊಬ್ಬಳನ್ನು ಬಿಟ್ಟು ಎಲ್ಲರ ಎಡಗೈಯ ಬೆರಳಲ್ಲೂ ಶಾಯಿ ಇತ್ತು. ಅಂಬಣ್ಣ ಬಡಿಸುತ್ತ ಬಂದವನು ಅವಳ ತಟ್ಟೆಗೂ ಪಲ್ಯ ಹಾಕಿ ಮುಂದಿನ ತಟ್ಟೆಗೆ ಸರಿದ.

ಎಣಿಕೆಗೆ ಇನ್ನೂ ಮೂರು ದಿನವಿತ್ತು. ನಡುವೆ ವಾರ್ಡ್ ಸಮಿತಿಯ ಮೊದಲ ಸಭೆ ನಡೆಯಿತು. ಹತ್ತು ಜನರಲ್ಲಿ ಆರು ಜನ ಬಂದಿದ್ದರು. ರಮಾಬಾಯಿ ನಾಲಾದ ವಿಷಯ ಎತ್ತಿದಾಗ ಸಮಿತಿಯ ಅಧ್ಯಕ್ಷರು ಅವಳು ಕಾಯುತ್ತಿದ್ದ ಪ್ರಶ್ನೆಯನ್ನೇ ಕೇಳಿದರು: "ಆ ಲೇಔಟಿನಾಗ ನಮ್ಮ ಮತದಾರರು ಎಷ್ಟದಾರ?"

"ನೂರಾ ನಲವತ್ತು," ಎಂದು ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಮನೆ ಸಂಖ್ಯೆ, ಹೆಸರು, ಭಾಗ ಸಂಖ್ಯೆ ಎಲ್ಲ ಇತ್ತು. ಅಧ್ಯಕ್ಷರು ಅದನ್ನು ತಿರುವಿ ನೋಡಿ ಗುಮಾಸ್ತನ ಕಡೆ ತಳ್ಳಿದರು. ಗೋಡೆ ಕಾಮಗಾರಿಗಳ ಪಟ್ಟಿಗೆ ಸೇರಿತು, ಏಳನೆಯದಾಗಿ. ಸಹಿ ಮಾಡುವ ಮೊದಲು ಅವಳು ನಡಾವಳಿಯನ್ನು ಪೂರಾ ಓದಿದಳು. ಗುಮಾಸ್ತ ಗಡಿಯಾರ ನೋಡುತ್ತ ಕೂತ.

ಎಣಿಕೆಯ ದಿನ ಮಧ್ಯಾಹ್ನ ಅಂಬಣ್ಣನ ಫೋನ್ ಬಂತು. ಏಳು ತಿಂಗಳಲ್ಲಿ ಅವನಾಗಿಯೇ ಮಾಡಿದ ಮೊದಲ ಫೋನ್. ಹಿಂದೆ ಪಟಾಕಿಯ ಸದ್ದಿತ್ತು.

"ಗೆದ್ದಿ?" ಎಂದಳು.

"ಪಟಾಕಿ ಅವರವು. ನಾ ಬಿದ್ದೆ. ಹನ್ನೊಂದರಿಂದ."

ರಮಾಬಾಯಿ ಕುರ್ಚಿಯ ಮೇಲೆ ಕೂತಳು.

"ಲೆಕ್ಕ ಮಾಡಾಕತ್ತೀನಿ," ಎಂದ ಅಂಬಣ್ಣ. "ಹನ್ನೊಂದರಾಗ ಒಂದು ನಿಂದು. ನೀ ಹೇಳಿ ತಗದಿ. ಉಳದ ಹತ್ತು ಹೇಳದೇ ತಗದಾರ, ಅವರನ್ನ ಹುಡುಕಬೇಕು."

"ಅಂಬಣ್ಣ..."

"ಅದಿರ್ಲಿ. ನಿನ್ನ ಗ್ವಾಡಿ ಎಲ್ಲಿಗೆ ಬಂತು?"

"ಪಟ್ಟಿಯಾಗ ಬಂದದ. ಏಳನೇದು."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ಐದು ವರ್ಷ ಇಂಥದೇ ಪಟ್ಟಿಗಳ ಎದುರು ಕೂತು ಎದ್ದವನ ನಿಟ್ಟುಸಿರು. "ಏಳನೇದು ಅಂದ್ರ ಆಗಂಗಿಲ್ಲಕ್ಕ. ನಾಕನೇದರಿಂದ ಮುಂದ ಎಲ್ಲಾ ಬರೇ ಬರಿಯಾಕ ಇರ್ತಾವ. ಮೊದಲ ಮೂರರಾಗ ತರಬೇಕು."

"ಹ್ಯಾಂಗ ತರ್ತಾರ?"

"ಸಮಿತಿಯಾಗ ಹತ್ತು ಜನ ಯಾರ್ಯಾರು, ಎಲ್ಲೆಲ್ಲಿಯವರು, ಬರದು ಇಡು. ಮುಂದಿನ ಸಭಾ ಯಾವಾಗ?"

"ಬರೂ ತಿಂಗಳು ಹದಿನಾಲ್ಕಕ್ಕ."

"ಹಂಗಾದ್ರ ಟೈಮ್ ಅದ. ಭಾನುವಾರ ಬರ್ತೀನಿ, ಕುಂತು ನೋಡೂಣು. ಮನ್ಯಾಗ ರೊಟ್ಟಿ ಮಾಡು, ನಿನ್ನ ಸಮಿತಿ ಚಹಾದ ಮ್ಯಾಲೆ ನಾ ಬದುಕಂಗಿಲ್ಲ."

ಫೋನ್ ಇಟ್ಟ ಮೇಲೆ ರಮಾಬಾಯಿ ಸಮಿತಿಯ ನೋಟಿಸನ್ನು ತೆಗೆದು, ಅದರ ಹಿಂಬದಿಗೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿಕೊಂಡಳು. ಎಂಟರ ಮುಂದೆ ತನ್ನ ಹೆಸರು ಬರೆದು, ಉಳಿದವರನ್ನು ನೆನಪಿಸಿಕೊಳ್ಳತೊಡಗಿದಳು.